ಗಗನ ಯುದ್ಧನೌಕೆಗೆ ಸ್ವಯಂನಾಶದ ಗುಂಡಿ ಬೇಕೇ?

ಇರುಳಹಕ್ಕಿ:
ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಒಂದು ನೀಳ್ಗತೆ ಬರೀತಿದ್ದೀನಿ. ಶನಿಗ್ರಹದ ಸುತ್ತ ಕಾವಲು ಕಾಯುವ ಒಂದು ಯುದ್ಧನೌಕೆ, 140 ಜನ ಸಿಬ್ಬಂದಿ. ಕೊನೆಯಲ್ಲಿ ಶತ್ರುಗಳು ಒಳಗೆ ನುಗ್ಗುತ್ತಾರೆ. ಕ್ಯಾಪ್ಟನ್ ತನ್ನ ಗುಪ್ತಸಂಕೇತ ಹೇಳ್ತಾಳೆ, ಹತ್ತು ನಿಮಿಷದ ಗಡಿಯಾರ ಓಡೋಕೆ ಶುರುವಾಗುತ್ತೆ. ಬದುಕಿದವರು ಎಸ್ಕೇಪ್ ಪಾಡ್ ಅನ್ನೋ ಪುಟ್ಟ ನೌಕೆಗಳಲ್ಲಿ ಹೊರಬೀಳ್ತಾರೆ, ಹಡಗು ಸಿಡಿದು ಚೂರಾಗುತ್ತೆ.

ಕರಡನ್ನ ನನ್ನ ತಮ್ಮನಿಗೆ ಓದೋಕೆ ಕೊಟ್ಟಿದ್ದೆ. ಓದಿ ಮುಗಿಸಿ ಒಂದೇ ಪ್ರಶ್ನೆ ಕೇಳಿದ: "ಅಕ್ಕಾ, ಆ ಬಾಂಬನ್ನ ಹೊಟ್ಟೇಲಿಟ್ಕೊಂಡು ಇವರೆಲ್ಲ ಆರು ವರ್ಷ ಹೇಗೆ ನಿದ್ದೆ ಮಾಡಿದ್ರು?" ನನ್ನ ಹತ್ರ ಉತ್ತರ ಇರಲಿಲ್ಲ. ಅವತ್ತಿನಿಂದ ಆ ಅಧ್ಯಾಯ ಮುಂದೆ ಹೋಗ್ತಿಲ್ಲ. ನಿಜವಾದ ಹಡಗಿನಲ್ಲಿ ಇಂಥ ವ್ಯವಸ್ಥೆ ಇರುತ್ತಾ? ಅಂತರಿಕ್ಷದ ಹಡಗಿಗೆ ಇದ್ದರೆ ಅರ್ಥ ಇದೆಯಾ? ತಿಳಿದವರು ದಯವಿಟ್ಟು ಹೇಳಿ.

ಕೆಳಡೆಕ್:
ಮೇಡಂ, ನಾನು ಸರಕು ಹಡಗುಗಳ ಎಂಜಿನ್ ರೂಮಿನಲ್ಲಿ ಹದಿನೈದು ವರ್ಷ ಕೆಲಸ ಮಾಡಿದವನು. ಯುದ್ಧನೌಕೆಯವನಲ್ಲ, ಆದರೆ ನೀರು ಒಳಗೆ ಬರುವ ದಾರಿ ಎರಡಕ್ಕೂ ಒಂದೇ. ನಿಮ್ಮ ತಮ್ಮ ಕೇಳಿದ್ದು ಸರಿಯಾದ ಪ್ರಶ್ನೆ.

ಎಂಜಿನ್ ರೂಮಿನ ನೆಲದ ತಗಡು ಎತ್ತಿದರೆ ಕೆಳಗೆ ಸೀ ಸಕ್ಷನ್ ವಾಲ್ವ್ ಕಾಣುತ್ತೆ. ಎಂಜಿನ್ ತಣಿಸೋಕೆ ಸಮುದ್ರದ ನೀರು ಒಳಗೆ ಎಳೆಯುವ ಬಾಗಿಲು ಅದು. ಆಚೆ ಕಡೆ ತಣ್ಣನೆ ನೀರು ಒತ್ತಿಕೊಂಡಿರೋದರಿಂದ ಅದರ ಮೈ ಯಾವಾಗಲೂ ಬೆವೆತಿರುತ್ತೆ. ಕೈಚಕ್ರಕ್ಕೆ ಗ್ರೀಸ್ ಹಚ್ಚಿ, ಪೂರಾ ತಿರುಗುತ್ತಾ ಅಂತ ಆಗಾಗ ನೋಡಬೇಕು. ಎರಡು ಇಂಚು ದಪ್ಪದ ಆ ಲೋಹದಾಚೆ ಇಡೀ ಸಾಗರ ಇದೆ ಅನ್ನೋದನ್ನ ಕೈಯೇ ಹೇಳುತ್ತೆ. ಹಡಗನ್ನು ಮುಳುಗಿಸೋ ಸಾಧನ ಅದೇ. ಬೇರೆ ಗುಂಡಿ ಯಾಕೆ ಬೇಕು?

1919ರ ಜೂನ್ 21ರಂದು ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋ ಅನ್ನೋ ಲಂಗರುದಾಣದಲ್ಲಿ ಆಗಿದ್ದು ಇದೇ. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ 74 ಹಡಗುಗಳು ಅಲ್ಲಿ ಬ್ರಿಟಿಷರ ಕಾವಲಿನಲ್ಲಿದ್ದವು. ಅವು ಬ್ರಿಟಿಷರ ಕೈಸೇರಬಾರದು ಅಂತ ಅಡ್ಮಿರಲ್ ಲುಡ್ವಿಗ್ ಫಾನ್ ರಾಯ್ಟರ್ ಮೊದಲೇ ತಯಾರಿ ಮಾಡಿಸಿದ್ದರು. ಬ್ರಿಟಿಷ್ ತುಕಡಿ ಬೆಳಿಗ್ಗೆ ಅಭ್ಯಾಸಕ್ಕೆ ಹೊರಟ ಮೇಲೆ ಬಾವುಟದ ಸಂಕೇತ ಹೋಯ್ತು. ನಾವಿಕರು ವಾಲ್ವ್ ತೆರೆದು, ಹಿಡಿಗಳನ್ನು ಕಿತ್ತು ಸಮುದ್ರಕ್ಕೆ ಎಸೆದರು. ಒಳಬಾಗಿಲುಗಳನ್ನೆಲ್ಲ ತೆರೆದೇ ಬಿಟ್ಟರು. ಮೊದಲ ದೊಡ್ಡ ಹಡಗು ಮಧ್ಯಾಹ್ನ ಮುಳುಗಿತು, ಕೊನೆಯದು ಸಂಜೆ ಐದಕ್ಕೆ. ಒಟ್ಟು 52. ಸ್ಟ್ರೋಮ್‌ನೆಸ್‌ನ ಶಾಲಾಮಕ್ಕಳು ಅವತ್ತು ಹಡಗು ನೋಡೋಕೆ ಅಂತ ದೋಣಿಯಲ್ಲಿ ಪ್ರವಾಸ ಬಂದಿದ್ದರು, ಅವರ ಕಣ್ಣೆದುರೇ ನಡೀತು.

ಅಷ್ಟು ಹೊತ್ತಿನಲ್ಲಿ ಸ್ಫೋಟಕದಿಂದ ಒಬ್ಬನೂ ಸಾಯಲಿಲ್ಲ. ಸತ್ತ ಒಂಬತ್ತು ಜರ್ಮನ್ನರು ಬ್ರಿಟಿಷರ ಗುಂಡೇಟಿಗೆ ಸತ್ತರು.

ಕಾಲೇಜು ಮೇಷ್ಟ್ರು:
ಕೆಳಡೆಕ್ ಅವರು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಭೌತಶಾಸ್ತ್ರದ ಕಡೆಯಿಂದ ಒಂದಿಷ್ಟು ಸೇರಿಸ್ತೀನಿ.

ಯುದ್ಧನೌಕೆ ಅಂದರೆ ಮದ್ದುಗುಂಡಿನ ಉಗ್ರಾಣ. 1941ರ ಮೇ 24ರಂದು ಬ್ರಿಟನ್ನಿನ ಹುಡ್ ಹಡಗಿನ ಮ್ಯಾಗಜೀನ್, ಅಂದರೆ ಮದ್ದುಗುಂಡು ಇಡುವ ಕೋಣೆ, ಸಿಡಿದಾಗ ಹಡಗಿನಲ್ಲಿದ್ದ 1,418 ಜನರಲ್ಲಿ ಉಳಿದವರು ಮೂವರು. ಜಪಾನಿನ ಮುತ್ಸು 1943ರ ಜೂನ್ 8ರಂದು ಶತ್ರುಗಳು ಯಾರೂ ಇಲ್ಲದ ತನ್ನದೇ ಲಂಗರುದಾಣದಲ್ಲಿ ಸಿಡಿದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಈ ಅಪಾಯ ತಡೆಯೋಕೆ ಅಂತಲೇ ಮ್ಯಾಗಜೀನ್‌ಗೆ ನೀರು ತುಂಬುವ ವ್ಯವಸ್ಥೆ, ಉಕ್ಕಿನ ಗೋಡೆ, ಬೆಂಕಿ ತಡೆ ಬಾಗಿಲು ಇಡ್ತಾರೆ. ಅಷ್ಟೆಲ್ಲ ಮಾಡಿದ ಎಂಜಿನಿಯರ್ ಹತ್ರ ಹೋಗಿ "ಇದೆಲ್ಲ ಒಟ್ಟಿಗೆ ಸಿಡಿಯೋ ಹಾಗೆ ಒಂದು ತಂತಿ ಎಳೆದುಕೊಡಿ" ಅಂದರೆ ಅವನು ಒಪ್ಪುತ್ತಾನಾ?

ಇನ್ನು ನಿಮ್ಮ ಹಡಗಿನ ಎಂಜಿನ್ ಯಾವುದು ಅನ್ನೋದು ಮುಖ್ಯ. ಪರಮಾಣು ಬೀಜಗಳನ್ನ ಬೆಸೆದು ಶಕ್ತಿ ತೆಗೆಯುವ ಸಮ್ಮಿಳನ ರಿಯಾಕ್ಟರ್ ಆದರೆ ಅದು ಬಾಂಬಿನ ಹಾಗೆ ಸಿಡಿಯೋದೇ ಇಲ್ಲ. ಒಳಗಿನ ಅತಿ ಬಿಸಿ ಅನಿಲ, ಅಂದರೆ ಪ್ಲಾಸ್ಮಾ, ಗೋಡೆ ಮುಟ್ಟಿದ ಕ್ಷಣ ತಣ್ಣಗಾಗಿ ಕ್ರಿಯೆ ನಿಂತುಹೋಗುತ್ತೆ. ಸುತ್ತಲಿನ ಯಂತ್ರ ಹಾಳಾಗಬಹುದು, ಅಷ್ಟೇ. ರಿಯಾಕ್ಟರನ್ನು 'ಓವರ್‌ಲೋಡ್' ಮಾಡಿ ಹಡಗು ಉಡಾಯಿಸುವ ದೃಶ್ಯಗಳಿಗೆ ಅಲ್ಲಿ ಬುಡವೇ ಇಲ್ಲ.

ಪ್ರತಿದ್ರವ್ಯ (ಆಂಟಿಮ್ಯಾಟರ್, ಮಾಮೂಲಿ ದ್ರವ್ಯಕ್ಕೆ ತಾಗಿದರೆ ಎರಡೂ ಶಕ್ತಿಯಾಗಿಬಿಡುವ ವಸ್ತು) ಆದರೆ ಲೆಕ್ಕ ಪೂರ್ತಿ ತಿರುವುಮುರುವು. ಒಂದು ಗ್ರಾಂ ಪ್ರತಿದ್ರವ್ಯ ಒಂದು ಗ್ರಾಂ ದ್ರವ್ಯದ ಜೊತೆ ಸೇರಿದರೆ ಸುಮಾರು 43 ಕಿಲೋಟನ್ ಟಿಎನ್‌ಟಿ. ಅಂಥ ಹಡಗಿಗೆ ಸ್ವಯಂನಾಶದ ಬಾಂಬ್ ಅಂತ ಬೇರೆ ಇಡಬೇಕಿಲ್ಲ. ಪ್ರತಿದ್ರವ್ಯವನ್ನು ಸಿಡಿಯದ ಹಾಗೆ ಹಿಡಿದಿಟ್ಟಿರುವ ಕಾಂತಕ್ಷೇತ್ರವನ್ನು ನಿಲ್ಲಿಸಿದರೆ ಸಾಕು. ನಿಮ್ಮ ತಮ್ಮನ ಪ್ರಶ್ನೆ ಆಗ ಇನ್ನೂ ಜೋರಾಗುತ್ತೆ: ಆ ಹಡಗಿನಲ್ಲಿ ನಿದ್ದೆ ಮಾಡುವವರು ಪ್ರತಿ ಕ್ಷಣವೂ ಒಂದು ಕರೆಂಟಿನ ಮೇಲೆ ನಂಬಿಕೆ ಇಟ್ಟು ಮಲಗಿರ್ತಾರೆ.

ಮಲಪ್ರಭಾ:
ಎಲ್ಲಾರಿಗೂ ನಮಸ್ಕಾರ್ರೀ. ನೀವು ಹಡಗು ಉಡಾಯಿಸೋದರ ಬಗ್ಗೆ ಮಾತಾಡಾಕತ್ತೀರಿ. ಆದ್ರ ವೈರಿಗೆ ಬೇಕಾಗಿದ್ದು ಹಡಗಲ್ಲರೀ, ಹಡಗಿನ್ಯಾಗ ಇರೋ ಪುಸ್ತಕ.

1914ರ ಆಗಸ್ಟ್‌ನ್ಯಾಗ ಜರ್ಮನಿಯ ಮಾಗ್ಡೆಬರ್ಗ್ ಅನ್ನೋ ಹಡಗು ಬಾಲ್ಟಿಕ್‌ನ್ಯಾಗ ದಿಬ್ಬ ಹತ್ತಿ ಕುಂತಿತು. ಅವರು ಮದ್ದು ಇಟ್ಟು ಹಡಗಿನ ಮುಂಭಾಗ ಉಡಾಯಿಸಿದ್ರು. ಹಡಗು ಹಾಳಾತು, ಆದ್ರ ಗುಪ್ತಲಿಪಿಯ ಪುಸ್ತಕ ರಷ್ಯನ್ನರ ಕೈಗೆ ಸಿಕ್ತು. ಅವರು ಒಂದು ಪ್ರತಿ ಬ್ರಿಟಿಷರಿಗೆ ಕೊಟ್ರು. ಆಮ್ಯಾಲೆ ಆ ಯುದ್ಧದಾಗ ಬ್ರಿಟಿಷರು ಜರ್ಮನ್ ನೌಕಾಪಡೆಯ ಸಂದೇಶ ಓದಿದ್ರು. ಸ್ವಯಂನಾಶ ಆಗಿತ್ತಲ್ಲರೀ, ಆದ್ರ ನಾಶ ಆಗಬೇಕಾದ್ದು ಆಗಲಿಲ್ಲ.

ಎರಡನೇ ಯುದ್ಧದಾಗ ಜರ್ಮನ್ನರು ಆ ಪುಸ್ತಕಗಳನ್ನ ನೀರು ತಾಗಿದ್ರ ಅಳಿಸಿಹೋಗೋ ಶಾಯಿಯಿಂದ ಅಚ್ಚು ಹಾಕಿಸಿದ್ರು. ಇದು ನಿಜವಾದ ಸ್ವಯಂನಾಶ ಅಂತ ನನಗ ಅನಸ್ತದ. ಬ್ಯಾಟರಿ ಬೇಡ, ಗಡಿಯಾರ ಬೇಡ, ಮುಳುಗಿದ್ರ ಸಾಕು. ಆದ್ರೂ 1942ರ ಅಕ್ಟೋಬರ್ 30ರ ರಾತ್ರಿ ಏನಾತು ನೋಡ್ರಿ. ಪೂರ್ವ ಮೆಡಿಟರೇನಿಯನ್‌ನ್ಯಾಗ ಯು-559 ಅನ್ನೋ ಜಲಾಂತರ್ಗಾಮಿಯ ಜನ ವಾಲ್ವ್ ತೆರೆದು ನೀರಿಗೆ ಹಾರಿದ್ರು. ಬ್ರಿಟಿಷ್ ಹಡಗು ಪೆಟಾರ್ಡ್‌ನಿಂದ ಆಂಟನಿ ಫಾಸನ್, ಕಾಲಿನ್ ಗ್ರೇಜಿಯರ್ ಅನ್ನೋರು ಈಜಿಕೊಂಡು ಹೋಗಿ, ಮುಳುಗಾಕತ್ತಿದ್ದ ದೋಣಿಯೊಳಗ ಇಳಿದ್ರು. ಕೆಳಗಿನಿಂದ ಒದ್ದಿ ಆಗದ ಹಂಗ ಪುಸ್ತಕ ಎತ್ತಿ ಎತ್ತಿ ಕೊಟ್ರು, ಮ್ಯಾಲೆ ತಗೊಂಡಾಂವ ಟಾಮಿ ಬ್ರೌನ್, ಹಡಗಿನ ಕ್ಯಾಂಟೀನಿನ ಹುಡುಗ, ಹದಿನಾರು ವರ್ಷದಾಂವ. ದೋಣಿ ಒಮ್ಮೆಲೇ ಮುಳುಗಿತು. ಟಾಮಿ ಉಳಿದ, ಅವರಿಬ್ಬರು ಬರಲಿಲ್ಲ. ಆ ಪುಸ್ತಕಗಳಿಂದಲೇ ಬ್ರಿಟನ್ನಿನ ಗುಪ್ತಲಿಪಿ ಒಡೆಯೋ ಕೇಂದ್ರ ಬ್ಲೆಚ್ಲಿ ಪಾರ್ಕಿನವರು ಹತ್ತು ತಿಂಗಳಿಂದ ಓದಾಕ ಆಗದ, ಜರ್ಮನ್ನರ ಎನಿಗ್ಮಾ ಯಂತ್ರದ ಗುಪ್ತ ಸಂದೇಶಗಳನ್ನ ಡಿಸೆಂಬರ್‌ನ್ಯಾಗ ಮತ್ತ ಒಡೆದ್ರು.

ವೈರಿ ಜೀವದ ಹಂಗು ತೊರೆದು ಒಳಗ ಇಳೀತಾನ ಅನ್ನೋದನ್ನ ಲೆಕ್ಕಕ್ಕ ತಗೋರಿ. ನಿಮ್ಮ ಹತ್ತು ನಿಮಿಷ ಅವನಿಗೂ ಹತ್ತು ನಿಮಿಷಾನೇ.

ಅರ್ಧವಿರಾಮ:
ಇಲ್ಲಿ ಎಲ್ಲರೂ ಒಂದೇ ಕಡೆ ವಾಲಿದ್ದಾರೆ, ನಾನು ಎದುರು ವಾದ ಇಡ್ತೀನಿ. ನಾನು ನಿಯಂತ್ರಣ ವ್ಯವಸ್ಥೆಗಳ ಸಾಫ್ಟ್‌ವೇರ್ ಬರೆಯುವವನು.

ಸ್ವಯಂನಾಶ ಅನ್ನೋದು ಕಲ್ಪನೆ ಅಲ್ಲ. ದೊಡ್ಡ ಉಡಾವಣಾ ರಾಕೆಟ್‌ಗಳಲ್ಲಿ ಅದು ಇದ್ದೇ ಇರುತ್ತೆ. 2010ರ ಡಿಸೆಂಬರ್ 25ರಂದು ಶ್ರೀಹರಿಕೋಟಾದಿಂದ ಹೊರಟ ಜಿಎಸ್‌ಎಲ್‌ವಿ-ಎಫ್06 ನೆನಪಿದೆಯಾ? ಕನೆಕ್ಟರ್‌ಗಳು ಕಳಚಿ, ಕೆಳಗಿನ ಎಂಜಿನ್‌ಗಳಿಗೆ ಆದೇಶ ಹೋಗೋದು ನಿಂತು, ರಾಕೆಟ್ ಒಡೆಯಿತು. 64ನೇ ಸೆಕೆಂಡಿಗೆ ನೆಲದಿಂದ ನಾಶದ ಆದೇಶ ಕೊಟ್ಟರು. ನಾನು ಅವತ್ತು ಟಿವಿ ಮುಂದೆ ಕೂತಿದ್ದೆ. ಬಿಳಿ ಹೊಗೆ ಕವಲೊಡೆದು ಕೆಳಗಿಳಿಯೋದನ್ನ ನೋಡಿ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಆದರೆ ಆ ಆದೇಶ ಸರಿಯಾದದ್ದು. ಇಂಧನ ತುಂಬಿದ ರಾಕೆಟ್ ಊರಿನ ಮೇಲೆ ಬೀಳಬಾರದು.

ಅಂದಮೇಲೆ ಒಂದು ನಗರದ ಮೇಲೆ ಬೀಳಬಹುದಾದ ಯುದ್ಧನೌಕೆಗೆ ಯಾಕೆ ಇರಬಾರದು? ತಪ್ಪಿ ಚಾಲೂ ಆಗೋ ಭಯಕ್ಕೆ ಉತ್ತರಗಳಿವೆ. ಅಮೆರಿಕದ ಮಿನಿಟ್‌ಮನ್ ಕ್ಷಿಪಣಿ ಹಾರಿಸೋಕೆ ಇಬ್ಬರು ಅಧಿಕಾರಿಗಳು ಒಬ್ಬರ ಕೈಗೆ ಎರಡೂ ಎಟುಕದಷ್ಟು ದೂರದಲ್ಲಿರುವ ಕೀಲಿಗಳನ್ನ ಒಟ್ಟಿಗೆ ತಿರುಗಿಸಬೇಕು. ಸ್ಟಾರ್ ಟ್ರೆಕ್ ಟಿವಿ ಧಾರಾವಾಹಿ ಕೂಡ 1969ರಲ್ಲೇ ಮೂವರು ಅಧಿಕಾರಿಗಳ ಸಂಕೇತ ಬೇಕು ಅಂತ ತೋರಿಸಿತ್ತು. ಆ ವಿಚಾರ ಗಟ್ಟಿಯಾಗಿಯೇ ಇದೆ.

ಕೆಳಡೆಕ್:
ತಮ್ಮಾ, ರಾಕೆಟ್ಟಿನಲ್ಲಿ ಜನ ಇಲ್ಲ.

ಅರ್ಧವಿರಾಮ:
ಇದ್ದರು ಸರ್. ಅಮೆರಿಕದ ಸ್ಪೇಸ್ ಷಟಲ್‌ನ ಎರಡೂ ಬೂಸ್ಟರ್‌ಗಳಲ್ಲಿ ನಾಶದ ಸ್ಫೋಟಕ ಇತ್ತು. ಅದರ ಮೇಲೆ ಏಳು ಜನ ಕೂತು ಹಾರುತ್ತಿದ್ದರು. 1986ರ ಜನವರಿ 28ರಂದು ಚಾಲೆಂಜರ್ 73ನೇ ಸೆಕೆಂಡಿಗೆ ಒಡೆದ ಮೇಲೆ ಎರಡು ಬೂಸ್ಟರ್‌ಗಳು ದಿಕ್ಕಿಲ್ಲದೆ ಹಾರುತ್ತಿದ್ದವು. ಸುಮಾರು 110ನೇ ಸೆಕೆಂಡಿಗೆ ಅವನ್ನು ಸಿಡಿಸಿದ್ದು ಅದೇ ವ್ಯವಸ್ಥೆ.

ಗುಂಡಿ ಷಟಲ್ ಒಳಗೆ ಇರಲಿಲ್ಲ, ಅದನ್ನ ನೀವು ಗಮನಿಸಬೇಕು. ನೆಲದ ಮೇಲಿದ್ದ ವಾಯುಪಡೆಯ ಅಧಿಕಾರಿಯ ಕೈಯಲ್ಲಿತ್ತು. ಅವರ ಕೆಲಸ ಗಗನಯಾತ್ರಿಗಳನ್ನ ಕಾಯೋದಲ್ಲ, ಫ್ಲಾರಿಡಾ ತೀರದ ಜನರನ್ನ ಕಾಯೋದು. ಏಳೂ ಜನ ಅದನ್ನ ತಿಳಿದೇ ಹತ್ತುತ್ತಿದ್ದರು. ಇರುಳಹಕ್ಕಿಯವರ ಕಥೆಯಲ್ಲಿ ಗುಂಡಿ ಕ್ಯಾಪ್ಟನ್ ಹತ್ರ ಇರೋದಕ್ಕಿಂತ ಬೇರೆ ಯಾರೋ ದೂರದವರ ಕೈಯಲ್ಲಿದ್ದರೆ ಹೆಚ್ಚು ನಿಜ ಅನ್ನಿಸುತ್ತೆ.

ತುಂಗೆಯ ತಡಿ:
ಅರ್ಧವಿರಾಮ ಅವರ ಮಾತು ಓದಿ ಎರಡು ನಾಯಿಗಳು ನೆನಪಾದವು. ಸೋವಿಯತ್ ಒಕ್ಕೂಟ ಗಗಾರಿನ್‌ಗೆ ಮುಂಚೆ ವಾಸ್ತೋಕ್ ನೌಕೆಯ ಪರೀಕ್ಷೆ ಮಾಡುವಾಗ ಒಳಗೆ ಸ್ವಯಂನಾಶದ ಮದ್ದು ಇಟ್ಟಿತ್ತು, ದಾರಿ ತಪ್ಪಿ ಹೊರದೇಶದಲ್ಲಿ ಇಳಿದರೆ ತಂತ್ರಜ್ಞಾನ ಅವರ ಪಾಲಾಗಬಾರದು ಅಂತ. 1960ರ ಡಿಸೆಂಬರ್ 1ರಂದು ಪ್ಚೋಲ್ಕಾ, ಮುಷ್ಕಾ ಅನ್ನೋ ನಾಯಿಗಳನ್ನ ಹೊತ್ತು ನೌಕೆ ಹೋಯಿತು. ವಾಪಸ್ ಬರುವಾಗ ವೇಗ ತಗ್ಗಿಸೋ ಎಂಜಿನ್ ಸರಿಯಾಗಿ ಕೆಲಸ ಮಾಡಲಿಲ್ಲ. ತಮ್ಮ ನೆಲದಾಚೆ ಇಳಿಯುತ್ತೆ ಅಂತ ಲೆಕ್ಕ ಹಾಕಿದ ಯಂತ್ರ ಸಿಡಿಸಿಬಿಟ್ಟಿತು. ಪ್ಚೋಲ್ಕಾ ಅಂದರೆ ಪುಟ್ಟ ಜೇನು, ಮುಷ್ಕಾ ಅಂದರೆ ಪುಟ್ಟ ನೊಣ.

ಅದೇ ತಿಂಗಳ 22ರಂದು ಇನ್ನೊಂದು ನೌಕೆ, ಇನ್ನೆರಡು ನಾಯಿಗಳು. ರಾಕೆಟ್ ಮೇಲಿನ ಹಂತ ಕೈಕೊಟ್ಟು ಸೈಬೀರಿಯಾದ ಹಿಮದಲ್ಲಿ ಬಿತ್ತು. ಮದ್ದಿಗೆ 60 ಗಂಟೆಯ ಗಡುವು ಇತ್ತು. ಹುಡುಕಿಕೊಂಡು ಹೋದವರು ಕೊರೆಯುವ ಚಳಿಯಲ್ಲಿ, ಸೊಂಟದುದ್ದ ಹಿಮದಲ್ಲಿ, ಅದು ಯಾವಾಗ ಸಿಡಿಯುತ್ತೋ ಅಂತ ಗೊತ್ತಿಲ್ಲದೆ ಹತ್ತಿರ ಹೋಗಿ ತಂತಿ ಬಿಚ್ಚಬೇಕಾಯಿತು. ಒಳಗೆ ಕೇಬಲ್ ಸುಟ್ಟುಹೋಗಿದ್ದರಿಂದ ಸಿಡಿದಿರಲಿಲ್ಲ. ನಾಯಿಗಳು ಬದುಕಿದ್ದವು.

ಸಿಡಿಯಬಾರದಾಗ ಸಿಡಿದದ್ದೂ, ಸಿಡಿಯಬೇಕಾದಾಗ ಸಿಡಿಯದ್ದೂ ಒಂದೇ ತಿಂಗಳಲ್ಲಿ. 1961ರ ಏಪ್ರಿಲ್ 12ರಂದು ಗಗಾರಿನ್ ಕೂತ ವಾಸ್ತೋಕ್‌ನಿಂದ ಆ ಮದ್ದನ್ನ ತೆಗೆದುಹಾಕಿದ್ದರು. ಶೀತಲ ಸಮರದ ಆ ಬಿಸಿಯಲ್ಲೂ ಅಷ್ಟು ಮಾಡಿದರು. ನನಗೆ ಈ ಇಡೀ ಚರ್ಚೆಯ ತೂಕ ಅಲ್ಲಿದೆ ಅನ್ನಿಸುತ್ತೆ.

ಕಾಲೇಜು ಮೇಷ್ಟ್ರು:
ಇದನ್ನ ಓದಿ ಒಂದು ಕ್ಷಣ ಸುಮ್ಮನೆ ಕೂತೆ. ಧನ್ಯವಾದ.

ಎಸ್ಕೇಪ್ ಪಾಡ್ ಬಗ್ಗೆ ಒಂದು ಲೆಕ್ಕ ಬಾಕಿ ಇತ್ತು. ನಿರ್ವಾತದಲ್ಲಿ ಗಾಳಿ ಇಲ್ಲ, ಹಾಗಾಗಿ ಸ್ಫೋಟದ ಅಲೆ ಇಲ್ಲ. ಅದನ್ನ ನಂಬಿ ಪಾಡ್‌ನವರು ಕ್ಷೇಮ ಅಂದುಕೊಳ್ಳಬೇಡಿ. ಪಾಡ್ ಭೂಮಿಯ ಗುರುತ್ವದಷ್ಟು ವೇಗೋತ್ಕರ್ಷದಲ್ಲಿ ಹತ್ತು ನಿಮಿಷ ಪೂರಾ ಓಡಿತು ಅಂತ ಇಟ್ಟುಕೊಳ್ಳಿ, ಸುಮಾರು 1,800 ಕಿ.ಮೀ. ದೂರ ಹೋಗಿರುತ್ತೆ. ಹಿಂದೆ ಒಂದು ಕಿಲೋ ಪ್ರತಿದ್ರವ್ಯ ಉರಿದರೆ ಆ ದೂರದಲ್ಲೂ ಪ್ರತಿ ಚದರ ಮೀಟರಿಗೆ ಸುಮಾರು 4,400 ಜೂಲ್ ಬರುತ್ತೆ. ಅದರಲ್ಲಿ ಅರ್ಧದಷ್ಟು ನ್ಯೂಟ್ರಿನೋ ಅನ್ನೋ ಕಣಗಳ ರೂಪದಲ್ಲಿ ದೇಹ ದಾಟಿಹೋದರೂ, ಉಳಿದ ಗಾಮಾ ವಿಕಿರಣ ದಪ್ಪ ಕವಚ ಇಲ್ಲದ ದೇಹಕ್ಕೆ ಮಾರಕ ಪ್ರಮಾಣದ ಆಸುಪಾಸಿನಲ್ಲಿರುತ್ತೆ. ಒರಟು ಲೆಕ್ಕ ಇದು, ಆದರೆ ನಿಮ್ಮ ಹತ್ತು ನಿಮಿಷ ಸಾಲದು ಅನ್ನೋದಕ್ಕೆ ಸಾಕು.

ಚೂರುಗಳ ಕಥೆ ಇನ್ನೂ ಕೆಟ್ಟದ್ದು. 2007ರ ಜನವರಿ 11ರಂದು ಚೀನಾ ತನ್ನದೇ ಹಳೇ ಹವಾಮಾನ ಉಪಗ್ರಹವನ್ನ ಹೊಡೆದಾಗ ಗುರುತಿಸಬಹುದಾದ ಚೂರುಗಳೇ 3,000 ಮೀರಿದವು. ಇವತ್ತಿಗೂ ಸುತ್ತುತ್ತಿವೆ. ಅದು ಒಂದು ಟನ್ನೂ ಇರಲಿಲ್ಲ. ನಿಮ್ಮ ಹಡಗು ಶನಿಯ ಸುತ್ತ ಸಿಡಿದರೆ ಮುಂದೆ ಬರುವ ನಿಮ್ಮವರದೇ ಹಡಗಿಗೆ ಆ ದಾರಿ ಮುಚ್ಚಿದ ಹಾಗೆ.

ಮಲಪ್ರಭಾ:
ಮತ್ತೊಂದು ಸೇರಸ್ತೀನ್ರಿ. ಹಡಗು ಉಡಾಯಿಸಿದ್ರೂ ಗುಟ್ಟು ಉಳೀತದ ಅಂತ ಏನೂ ಇಲ್ಲ. 1939ರ ಡಿಸೆಂಬರ್ 17ಕ್ಕ ಮೊಂಟೆವಿಡಿಯೋ ಹೊರಗ ಜರ್ಮನಿಯ ಗ್ರಾಫ್ ಸ್ಪೀ ಹಡಗನ್ನ ಅದರ ಕ್ಯಾಪ್ಟನ್ ಹಾನ್ಸ್ ಲ್ಯಾಂಗ್ಸ್‌ಡಾರ್ಫ್ ತಾವೇ ಸಿಡಿಸಿದ್ರು, ತಮ್ಮ ಜನರನ್ನೆಲ್ಲ ಇಳಿಸಿದ ಮ್ಯಾಲೆ. ಕೆಲವು ದಿನದಾಗ ತಾವೂ ಜೀವ ಕಳಕೊಂಡ್ರು. ಆದ್ರ ನೀರು ಆಳ ಇರಲಿಲ್ಲ. ಹಡಗಿನ ಮ್ಯಾಲಿನ ಗೋಪುರದಾಗ ರೇಡಾರ್ ಹಂಗ ನಿಂತಿತ್ತು. ಬ್ರಿಟಿಷರು ಅವಶೇಷ ಕೊಂಡು, ತಜ್ಞರನ್ನ ಕಳಿಸಿ ನೋಡಿದ್ರು.

2011ರ ಮೇ 2ರಂದು ಪಾಕಿಸ್ತಾನದ ಅಬೋಟಾಬಾದ್‌ನ್ಯಾಗ ಬಿನ್ ಲಾಡೆನ್ ಮ್ಯಾಲಿನ ದಾಳಿಯಾಗೂ ಅಷ್ಟ. ಕೆಟ್ಟು ಬಿದ್ದ ಹೆಲಿಕಾಪ್ಟರನ್ನ ಅಮೆರಿಕದ ಸೈನಿಕರು ಸಿಡಿಸಿಯೇ ಹೋದ್ರು. ಬಾಲದ ತುಂಡು ಕಂಪೌಂಡ್ ಗೋಡೆಯ ಆಚೆ ಬಿದ್ದಿತ್ತು. ಮರುದಿನ ಅದರ ಫೋಟೋ ಜಗತ್ತೆಲ್ಲಾ ನೋಡಿತು.

ಇನ್ನ ಪ್ಯೂಬ್ಲೋ. 1968ರ ಜನವರಿ 23, ಉತ್ತರ ಕೊರಿಯಾದವರು ಸುತ್ತುವರಿದಾಗ ಆ ಅಮೆರಿಕನ್ ಗೂಢಚಾರಿ ಹಡಗಿನ್ಯಾಗ ಗುಡ್ಡೆಗಟ್ಟಲೆ ಗುಪ್ತ ಕಾಗದ ಇತ್ತು. ನಾಶ ಮಾಡಾಕ ಇದ್ದದ್ದು ಕೊಡಲಿ, ಸುತ್ತಿಗೆ, ಒಂದು ಸಣ್ಣ ಸುಡೋ ಒಲೆ. ಕಾಗದ ಸುಟ್ಟು ಮುಗೀಲಿಲ್ಲ. ನಾಶ ಮಾಡೂವಾಗಲೇ ಗುಂಡು ಬಿದ್ದು ಒಬ್ಬ ನಾವಿಕ ಸತ್ತ. ಉಳಿದ 82 ಮಂದಿ ಹನ್ನೊಂದು ತಿಂಗಳು ಸೆರೆಯಾಗ. ಹಡಗು ಇವತ್ತಿಗೂ ಪ್ಯೊಂಗ್ಯಾಂಗ್‌ನ್ಯಾಗ ಪ್ರದರ್ಶನಕ್ಕ ಅದ.

ಅರ್ಧವಿರಾಮ:
ಒಪ್ಪಿದೆ. ನನ್ನ ವಾದ ಬದಲಿಸ್ತೀನಿ. ಪ್ಯೂಬ್ಲೋದಲ್ಲಿ ಕಾಗದ ಇತ್ತು. ಇವತ್ತಿನ ಹಡಗಿನಲ್ಲಿ ಎಲ್ಲ ಮಾಹಿತಿಯೂ ಗೂಢಲಿಪೀಕರಣ ಆಗಿರುತ್ತೆ, ಕೀಲಿ ಒಂದು ಸಣ್ಣ ಚಿಪ್‌ನಲ್ಲಿರುತ್ತೆ. ಕೀಲಿ ಅಳಿಸಿದರೆ ಉಳಿದದ್ದೆಲ್ಲ ಕಸ, ಅದಕ್ಕೆ ಒಂದು ಸೆಕೆಂಡೂ ಬೇಡ. ಯಾರೂ ಸಾಯೋದಿಲ್ಲ. ತಪ್ಪಿ ಒತ್ತಿದರೂ ಹಡಗು ಕಿವುಡಾಗುತ್ತೆ, ಮನೆಗೆ ಬಂದ ಮೇಲೆ ಹೊಸ ಕೀಲಿ ಹಾಕಬಹುದು. ನಾನೇ ವಿನ್ಯಾಸ ಮಾಡೋದಾದರೆ ಆ ಗುಂಡಿಯನ್ನ ಸಲೀಸಾಗಿ ಒತ್ತೋ ಹಾಗೆ ಇಡ್ತೀನಿ. ಕ್ಯಾಪ್ಟನ್ ಮಾತ್ರ ಅಲ್ಲ, ಪಾಳಿಯಲ್ಲಿರುವ ಯಾರು ಬೇಕಾದರೂ ಒತ್ತಬಹುದು. ಆದರೂ ಚಿಪ್ ಮೇಲೆ ಒಂದು ಸುತ್ತಿಗೆ ನೇತುಹಾಕಿರ್ತೀನಿ. ನನ್ನ ಕೋಡ್ ಮೇಲೆ ನನಗೆ ನಂಬಿಕೆ ಇದೆ, ಗುಂಡೇಟು ತಿಂದ ವೈರಿಂಗ್ ಮೇಲೆ ಇಲ್ಲ.

ಇರುಳಹಕ್ಕಿ:
ನಿಮ್ಮೆಲ್ಲರ ಮಾತು ಎರಡೆರಡು ಸಲ ಓದಿದೆ. ಪ್ಚೋಲ್ಕಾ, ಮುಷ್ಕಾ ಹೆಸರನ್ನ ಬರೆದು ಮೇಜಿನ ಮುಂದೆ ಅಂಟಿಸಿಕೊಂಡಿದ್ದೀನಿ.

ಆದರೆ ಒಂದು ತೊಡಕು ಉಳಿದಿದೆ. ಕೀಲಿ ಅಳಿಸಿದರೂ ಹಡಗು ಶತ್ರುವಿನ ಕೈಗೆ ಸಿಗುತ್ತಲ್ಲ? ಅದರ ಫಿರಂಗಿಗಳನ್ನ ನಮ್ಮವರ ಮೇಲೇ ತಿರುಗಿಸಿದರೆ? ಸ್ಕಾಪಾ ಫ್ಲೋದಲ್ಲಿ ಸಮುದ್ರ ಇತ್ತು. ನನ್ನ ಹಡಗಿಗೆ ಮುಳುಗೋಕೆ ಏನಿದೆ?

ಕಾಲೇಜು ಮೇಷ್ಟ್ರು:
ಶನಿ ಇದೆಯಲ್ಲಮ್ಮಾ!

ಕಸ್ಸೀನಿ ನೌಕೆ 2004ರಿಂದ ಶನಿಯ ಸುತ್ತ ಸುತ್ತಿತು. ಇಂಧನ ಮುಗಿಯುತ್ತಾ ಬಂದಾಗ ಅದನ್ನ ಸುಮ್ಮನೆ ಬಿಟ್ಟರೆ ಮುಂದೆಂದೋ ಶನಿಯ ಚಂದ್ರಗಳಾದ ಎನ್ಸೆಲಾಡಸ್ ಅಥವಾ ಟೈಟಾನ್ ಮೇಲೆ ಬಿದ್ದು, ಭೂಮಿಯ ಸೂಕ್ಷ್ಮಜೀವಿಗಳನ್ನ ಅಲ್ಲಿಗೆ ಒಯ್ಯಬಹುದಿತ್ತು. ಅದಕ್ಕೆ ಬೇಕೆಂದೇ ಶನಿಯೊಳಗೆ ಇಳಿಸಿದರು, 2017ರ ಸೆಪ್ಟೆಂಬರ್ 15ರಂದು. ಬಾಂಬ್ ಬೇಕಾಗಲಿಲ್ಲ. ನಾಲ್ಕು ದಿನ ಮುಂಚೆ ಟೈಟಾನ್ ಹತ್ತಿರ ಹಾದುಹೋದಾಗ ಅದರ ಸೆಳೆತವೇ ಕಕ್ಷೆಯನ್ನ ಬಗ್ಗಿಸಿತು, ಆಮೇಲೆ ಹಿಂತಿರುಗುವ ದಾರಿ ಇರಲಿಲ್ಲ. ಗಂಟೆಗೆ ಲಕ್ಷ ಕಿ.ಮೀ. ಮೀರಿದ ವೇಗದಲ್ಲಿ ಮೋಡಗಳ ಮೇಲ್ಪದರಕ್ಕೆ ನುಗ್ಗುವಾಗ, ಆಂಟೆನಾ ಭೂಮಿಯ ಕಡೆಗೇ ಇರಲಿ ಅಂತ ಪುಟ್ಟ ಥ್ರಸ್ಟರ್‌ಗಳು ಪೂರ್ತಿ ಶಕ್ತಿಯಲ್ಲಿ ಹೆಣಗಿದವು. ಸಂದೇಶ ನಿಲ್ಲುವವರೆಗೂ ಮಾಹಿತಿ ಕಳಿಸುತ್ತಲೇ ಇತ್ತು.

ನಿಮ್ಮ ಹಡಗು ಉದ್ದನೆಯ ಅಂಡಾಕಾರದ ಕಕ್ಷೆಯಲ್ಲಿ ಶನಿಯಿಂದ ಅತಿ ದೂರದ ತುದಿಯಲ್ಲಿರುವಾಗ ಎಂಜಿನ್ನನ್ನ ಸ್ವಲ್ಪ ಹೊತ್ತು ಹಿಮ್ಮುಖ ಉರಿಸಿದರೆ ಸಾಕು. ಅಲ್ಲಿ ಕೊಟ್ಟ ಸಣ್ಣ ತಳ್ಳು ಇನ್ನೊಂದು ತುದಿಯನ್ನ ಮೋಡದೊಳಗೆ ಇಳಿಸುತ್ತೆ. ಬೀಳೋಕೆ ದಿನಗಳು ಹಿಡೀಬಹುದು. ಸಿಬ್ಬಂದಿ ನಿಧಾನವಾಗಿ ಬೇರೆ ದಾರಿ ಹಿಡಿದು ಹೋಗಬಹುದು. ಚೂರೂ ಉಳಿಯೋದಿಲ್ಲ.

ಕೆಳಡೆಕ್:
ಮೇಷ್ಟ್ರೇ, ವಾಲ್ವ್ ತೆರೆದದ್ದಾಯ್ತು. ಹಿಡಿ ಎಸೆಯೋದು ಬೇಡವಾ? ಶತ್ರು ಬಂದು ಎಂಜಿನ್ ಚಾಲೂ ಮಾಡಿ ಕಕ್ಷೆ ಮತ್ತೆ ಮೇಲೆತ್ತಿದರೆ?

ಯು-505ರಲ್ಲಿ ಹಾಗೇ ಆಯ್ತು. 1944ರ ಜೂನ್ 4ರಂದು ಜರ್ಮನ್ನರು ನೀರು ಬಿಟ್ಟು ಹೊರಗೆ ಹಾರಿದರು. ಅಮೆರಿಕದ ನಾವಿಕರು ಒಳಗಿಳಿದು, ಬಿಚ್ಚಿಟ್ಟಿದ್ದ ಮುಚ್ಚಳವನ್ನ ಹುಡುಕಿ ವಾಪಸ್ ಹಾಕಿ ತಿರುಪು ಬಿಗಿದರು. ಜಲಾಂತರ್ಗಾಮಿ ಈಗ ಷಿಕಾಗೋದ ಮ್ಯೂಸಿಯಮ್ಮಿನಲ್ಲಿದೆ. ಮುಚ್ಚಳ ಅಲ್ಲೇ ಪಕ್ಕದಲ್ಲಿ ಬಿದ್ದಿದ್ದೇ ಅವರ ತಪ್ಪು.

ಅದಕ್ಕೆ ಉರಿಸಿದ ಮೇಲೆ ಉಳಿದ ಇಂಧನವನ್ನೆಲ್ಲ ಹೊರಗೆ ಬಿಡಿಸಿ. ಎರಡೂ ಕಡೆ ಸಮವಾಗಿ, ಹಡಗು ತಿರುಗದ ಹಾಗೆ. ತೊಟ್ಟಿ ಖಾಲಿಯಾದ ಮೇಲೆ ಪಂಪಿನ ಕಪ್ಲಿಂಗ್, ಅಂದರೆ ಜೋಡಣೆಯ ಭಾಗ, ಬಿಚ್ಚಿಸಿ. ಇದನ್ನ ಮಾಡೋಕೆ ಇಬ್ಬರು ಎಂಜಿನಿಯರ್‌ಗಳು ಕೊನೆಯವರೆಗೂ ಒಳಗಿರಬೇಕಾಗುತ್ತೆ. ಅವರಿಗೆ ಒಂದು ಪಾಡ್ ಉಳಿಸಿಡಿ, ದಯವಿಟ್ಟು.

ಇರುಳಹಕ್ಕಿ:
ಇಬ್ಬರಿಗೂ ಪಾಡ್ ಉಳಿಸಿದ್ದೀನಿ. ಹತ್ತು ನಿಮಿಷದ ಗಡಿಯಾರ ತೆಗೆದುಹಾಕಿದೆ. ಈಗ ಹಡಗು ಬೀಳೋಕೆ ಮೂರು ದಿನ. ತಮ್ಮ ನಿನ್ನೆ ರಾತ್ರಿ ಮತ್ತೆ ಓದಿದ, ಈ ಸಲ ಪ್ರಶ್ನೆ ಕೇಳಲಿಲ್ಲ.

ಒಂದೇ ಸಂದೇಹ. ಹಿರಿಯ ಎಂಜಿನಿಯರ್ ಕಪ್ಲಿಂಗ್ ಬಿಚ್ಚಿ, ಅದರ ಬೋಲ್ಟ್‌ಗಳನ್ನ ಏರ್‌ಲಾಕಿನಿಂದ ಹೊರಗೆ ಎಸೀತಾಳೆ ಅಂತ ಬರೆದಿದ್ದೀನಿ. ಸರಿ ಇದೆಯಾ?

ಕಾಲೇಜು ಮೇಷ್ಟ್ರು:
ಕೈಯಿಂದ ಎಸೆದರೆ ಸೆಕೆಂಡಿಗೆ ಹತ್ತು ಹದಿನೈದು ಮೀಟರ್. ಒಂದು ಗಂಟೆ ಕಳೆದರೂ ಐವತ್ತು ಕಿ.ಮೀ. ಆಚೆಗೆ, ಹಡಗಿನ ಜೊತೆಜೊತೆಗೇ ತೇಲುತ್ತಿರುತ್ತೆ. ಹುಡುಕುವವನಿಗೆ ಸಿಗಬಹುದು.

ಕೆಳಡೆಕ್:
ಹಾಗಾದರೆ ಎಸೆಯೋದು ಬೇಡ. ಜೇಬಿನಲ್ಲಿಟ್ಟುಕೊಂಡು ಪಾಡ್ ಹತ್ತಲಿ. ಮನೆಗೆ ತರಲಿ.